ಶಲ್ಯ ಮಹಾರಾಜ ಇನ್ನೂ ಹೊರಟಿಲ್ಲ

"ಈಗ ಏನು ಓದ್ತಾ ಇದ್ದೀರಾ?" ಅಂತ ಕೇಳಿದರೆ ನಮ್ಮ ಮೇಷ್ಟ್ರದು ಒಂದೇ ಉತ್ತರ: "ಪರ್ವ." ಮಹಾಭಾರತದ ಕಥೆಯ ಮೇಲೆ ಎಸ್.ಎಲ್. ಭೈರಪ್ಪನವರು ಬರೆದ ದಪ್ಪ ಕಾದಂಬರಿ. ನನಗೆ ಅವರ ಪರಿಚಯವಾದ ಹೊಸದರಲ್ಲೂ ಪರ್ವ. ಅವರ ಮಗಳ ಮದುವೆಯಲ್ಲೂ ಪರ್ವ. ಮೊಮ್ಮಗನ ನಾಮಕರಣದಲ್ಲೂ ಪರ್ವ. ಮೊನ್ನೆ ಭಾನುವಾರ ಈ ಗುಟ್ಟು ರಟ್ಟಾಯಿತು.

ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ಎರಡು ಸುತ್ತು ಹಾಕಿದ ಶಾಸ್ತ್ರ ಮಾಡಿ, ಎದುರಿನ ಹೋಟೆಲಿನಲ್ಲಿ ಎರಡು ಗಂಟೆ ಕೂರುವುದು ನಮ್ಮ ಪದ್ಧತಿ. ನಾವು ಐದು ಜನ. ರಿಟೈರ್ ಆದ ಕನ್ನಡ ಮೇಷ್ಟ್ರು, ವಿಆರ್‌ಎಸ್ ತಗೊಂಡ ಬ್ಯಾಂಕ್ ಸಾಹೇಬರು, ನಮ್ಮ ಓನರ್ ಆಂಟಿ, ಸಾಫ್ಟ್‌ವೇರಿನಲ್ಲಿರುವ ಅವರ ಮಗಳು, ಮತ್ತೆ ನಾನು. ಮೂರು ಬೈ ಟೂ ಕಾಫಿ ಹೇಳಿದರೆ ಒಂದರ್ಧ ಉಳಿಯುತ್ತದೆ. ಅದು ಯಾರಿಗೆ ಅನ್ನುವುದರಿಂದಲೇ ದಿನದ ಮೊದಲ ಜಗಳ ಶುರು.

ಆವತ್ತು ಹುಡುಗಿ ಒಂದು ಕಾನೂನು ತಂದಳು. "ಎಲ್ಲರೂ ಇತ್ತೀಚೆಗೆ ಓದಿದ ಒಂದು ಪುಸ್ತಕ ಹೇಳಬೇಕು. ಆದರೆ ಮುಗಿಸಿರೋದು. ಶುರು ಮಾಡಿದ್ದಲ್ಲ, ಕೊಂಡುಕೊಂಡಿದ್ದಲ್ಲ, ಬಿಡುಗಡೆ ಸಮಾರಂಭಕ್ಕೆ ಹೋಗಿ ಉಪ್ಪಿಟ್ಟು ತಿಂದು ಬಂದಿದ್ದಲ್ಲ."

ಟೇಬಲ್ ಒಂದು ಕ್ಷಣ ತಣ್ಣಗಾಯಿತು. ಮೂರನೇ ಷರತ್ತಿಗೆ ನಾನೂ ಸ್ವಲ್ಪ ಬೆವರಿದೆ.

"ಪರ್ವ," ಅಂದರು ಮೇಷ್ಟ್ರು ತಕ್ಷಣ.

ಪುಸ್ತಕ ಅವರ ಬಟ್ಟೆ ಚೀಲದಲ್ಲೇ ಇತ್ತು. 2025ರ ಸೆಪ್ಟೆಂಬರಿನಲ್ಲಿ ಭೈರಪ್ಪನವರು ತೀರಿಕೊಂಡಾಗ, ಈ ಸಲ ಮುಗಿಸಿಯೇ ಸಿದ್ಧ ಅಂತ ಅವರು ಪಣ ತೊಟ್ಟಿದ್ದರು. ಅವತ್ತಿನಿಂದ ಆ ಇಟ್ಟಿಗೆ ಅವರ ಜೊತೆ ಪಾರ್ಕ್ ಸುತ್ತುತ್ತಿದೆ. ಓದಿನ ಲೆಕ್ಕ ಗೊತ್ತಿಲ್ಲ, ಬಲಗೈಗೆ ಮಾತ್ರ ಒಳ್ಳೆ ವ್ಯಾಯಾಮ. ಆಂಟಿ ಸುಮ್ನೆ ಪುಸ್ತಕ ತಗೊಂಡು ಬಿಡಿಸಿದರು. ಗುರುತಿಗೆ ಇಟ್ಟಿದ್ದ ಎಲ್‌ಐಸಿ ರಸೀದಿ ಸಿಕ್ಕಿತು. ಇಪ್ಪತ್ಮೂರನೇ ಪುಟದಲ್ಲಿ. ರಸೀದಿಯ ತಾರೀಖು 2011ರ ಮಾರ್ಚ್.

ಪರ್ವ ಓದಿದವರಿಗೆ ಗೊತ್ತು. ಕಾದಂಬರಿ ಶುರುವಾಗುವುದು ಮದ್ರದೇಶದಲ್ಲಿ, ಮುದುಕ ಶಲ್ಯ ರಾಜನಿಂದ. ಯುದ್ಧದಲ್ಲಿ ಯಾವ ಕಡೆ ಸೇರಬೇಕು ಅನ್ನುವ ಯೋಚನೆ ಬೇರೆ, ಮನೆಯಲ್ಲಿ ಮೊಮ್ಮಗಳ ಮದುವೆಯ ಚಿಂತೆ ಬೇರೆ.

"ಅಲ್ಲ ಮೇಷ್ಟ್ರೇ," ಅಂದರು ಆಂಟಿ, "ನಿಮ್ಮ ಶಲ್ಯ ಇನ್ನೂ ಮನೆ ಬಿಟ್ಟೇ ಇಲ್ಲವಲ್ಲ!"

ಬ್ಯಾಂಕ್ ಸಾಹೇಬರು ಬೆರಳು ಮಡಚಿ ಲೆಕ್ಕ ಹಾಕಿದರು. "ಹದಿನಾಲ್ಕು ವರ್ಷ ದಾಟಿದೆ ಸ್ವಾಮಿ. ವನವಾಸ ಹನ್ನೆರಡು, ಅಜ್ಞಾತವಾಸ ಒಂದು. ಪಾಂಡವರೇ ಹದಿಮೂರಕ್ಕೆ ವಾಪಸ್ ಬಂದ್ರು."

"ದೊಡ್ಡ ಕೃತಿಯನ್ನು ಅವಸರದಲ್ಲಿ ಓದಬಾರದು," ಅಂದ ಮೇಷ್ಟ್ರು ಉಳಿದ ಆ ಅರ್ಧ ಕಾಫಿಯನ್ನು ತಮ್ಮ ಕಡೆ ಎಳೆದುಕೊಂಡರು. ಪಾಪ ಅಂತ ಯಾರೂ ತಡೆಯಲಿಲ್ಲ.

ಮುಂದಿನ ಸರದಿ ಬ್ಯಾಂಕ್ ಸಾಹೇಬರದು. ಅವರು ಪತ್ತೇದಾರಿ ಪಂಗಡ. ಚಿಕ್ಕಂದಿನಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಂದ ಶುರುವಾದ ಚಟ. ಈಗ ಕೆ.ಎನ್. ಗಣೇಶಯ್ಯನವರ ಹತ್ತಿರ ಬಂದು ನಿಂತಿದೆ. ಗಣೇಶಯ್ಯನವರು ಕೃಷಿ ವಿಜ್ಞಾನಿ. ಹಾಗಾಗಿ ಅವರ ಥ್ರಿಲ್ಲರುಗಳಲ್ಲಿ ಒಬ್ಬ ಇನ್ನೊಬ್ಬನನ್ನು ಅಟ್ಟಿಸಿಕೊಂಡು ಓಡುವಾಗಲೂ ಪಕ್ಕದಲ್ಲಿ ಒಂದು ಶಾಸನ, ಒಂದು ಫೋಟೋ, ಹಿಂದೆ ಆಧಾರ ಗ್ರಂಥಗಳ ಪಟ್ಟಿ ಇರುತ್ತದೆ. "ನಾನು ಓಟ ಮಾತ್ರ ಓದ್ತೀನಿ. ಪಟ್ಟಿ ಮೇಷ್ಟ್ರಿಗೆ ಬಿಟ್ಟಿದ್ದೀನಿ," ಅಂದರು ಸಾಹೇಬರು.

ಆದರೆ ಅವರ ಎದೆಯಲ್ಲಿ ಕೂತಿರುವ ಪುಸ್ತಕ ಬೇರೆ. ಎಂಬತ್ತರ ದಶಕದಲ್ಲಿ ಒಂದು ಸಣ್ಣ ಊರಿಗೆ ವರ್ಗವಾಗಿದ್ದರಂತೆ. ಬಸ್ ಸ್ಟ್ಯಾಂಡ್ ಪಕ್ಕ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ. ಅಂದರೆ ಬೀಡಾ ಅಂಗಡಿಯೇ, ಹಿಂದುಗಡೆ ನಾಲ್ಕು ಹಲಗೆ ಪುಸ್ತಕ. ದಿನಕ್ಕೆ ನಾಲ್ಕಾಣೆ ಬಾಡಿಗೆ. ಅಲ್ಲಿ ಒಂದು ಪತ್ತೇದಾರಿ ಕಾದಂಬರಿ ತಂದರು. ಹದಿನಾರನೇ ಪುಟದ ಅಂಚಿನಲ್ಲಿ ನೀಲಿ ಶಾಯಿಯಲ್ಲಿ ಬರೆದಿತ್ತು: ಕೊಲೆಗಾರ ಡ್ರೈವರ್. ಸಾಹೇಬರಿಗೆ ಹೊಟ್ಟೆ ಉರಿಯಿತು. ಅದರ ಕೆಳಗೆ ಹಸಿರು ಶಾಯಿ: ನಂಬಬೇಡಿ, ನಾನು ಪೂರ್ತಿ ಓದಿದ್ದೇನೆ, ಡ್ರೈವರ್ ಅಲ್ಲ. ಅದರ ಕೆಳಗೆ ಪೆನ್ಸಿಲ್: ನಿಮ್ಮಿಬ್ಬರಿಗೂ ಮಾಡಲು ಕೆಲಸವಿಲ್ಲವೇ? ಇನ್ನೂ ಕೆಳಗೆ, ಮತ್ತೆ ಅದೇ ಹಸಿರು ಶಾಯಿ: ನಿಮಗಿದೆಯೇ?

"ಊರಿನ ಅರ್ಧ ಜನ ಆ ಅಂಚಲ್ಲೇ ಜಗಳ ಆಡಿದ್ರು ಕಣ್ರೀ. ಕಥೆಗಿಂತ ಅದೇ ಚೆನ್ನಾಗಿತ್ತು. ಮೂವತ್ತನೇ ಪುಟದಲ್ಲಿ ಯಾರೋ ಹಸಿರು ಶಾಯಿಯವನಿಗೆ ಮದುವೆ ಆಗಿದ್ಯಾ ಅಂತಾನೂ ಕೇಳಿದ್ರು."

"ಕೊನೆಗೆ ಕೊಲೆಗಾರ ಯಾರು?"

"ಕೊನೇ ಹಾಳೆ ಹರಿದು ಹೋಗಿತ್ತು."

ಅಂಗಡಿಯವನನ್ನು ಕೇಳಿದರೆ, "ಗೊತ್ತು ಸಾರ್, ಅದಕ್ಕೇ ಬಾಡಿಗೇಲಿ ಐದು ಪೈಸೆ ಕಡಿಮೆ ಹಿಡಿದಿದ್ದು" ಅಂದನಂತೆ. ನಲವತ್ತು ವರ್ಷವಾದರೂ ಸಾಹೇಬರಿಗೆ ಒಬ್ಬ ಚಿಕ್ಕಪ್ಪನ ಮೇಲೆ ಅನುಮಾನ ಹೋಗಿಲ್ಲ. ಬ್ಯಾಂಕಿನ ಭಾಷೆಯಲ್ಲಿ ಅದು ಎನ್‌ಪಿಎ. ವಸೂಲೂ ಆಗಲ್ಲ, ಲೆಕ್ಕದಿಂದ ತೆಗೆಯಲೂ ಆಗಲ್ಲ.

ಆಂಟಿಯ ಪಟ್ಟಿ ಉದ್ದ. ಅವರು ಅಡಿಗೆ ಮಾಡುವ ಹಾಗೆಯೇ ಓದುತ್ತಾರೆ, ಏಕಕಾಲಕ್ಕೆ ನಾಲ್ಕು ಒಲೆ. ಈ ತಿಂಗಳು ತ್ರಿವೇಣಿಯವರ ಶರಪಂಜರವನ್ನು ಮತ್ತೆ ಓದಿದರಂತೆ. "ಸಿನಿಮಾ ನೋಡಿದ್ದೀವಿ, ಗೊತ್ತು ಅಂತಾರೆ ಎಲ್ಲರೂ. ಪುಸ್ತಕ ಓದಿ. ಮನಸ್ಸಿನ ಕಾಯಿಲೆ ಹುಷಾರಾಗಿ ಮನೆಗೆ ಬಂದವಳನ್ನ ಮನೆಯವರು ನೋಡೋ ರೀತಿ ಇದೆಯಲ್ಲ, ಅದು ಓದಿದ್ರೇ ಚುಚ್ಚೋದು." ತ್ರಿವೇಣಿ 1963ರಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ ಮೂವತ್ತೈದು ತುಂಬಿರಲಿಲ್ಲ. ಇದನ್ನು ಹೇಳುವಾಗ ಆಂಟಿ, ಪಕ್ಕದ ಮನೆಯವರ ಸುದ್ದಿ ಹೇಳುವ ಹಾಗೆ ದನಿ ತಗ್ಗಿಸುತ್ತಾರೆ.

ಎರಡೇ ನಿಮಿಷ. ಆಮೇಲೆ ತೆಲುಗು ಕಾದಂಬರಿಕಾರ ಯಂಡಮೂರಿಗೆ ಹಾರಿದರು. ಮದುವೆಯಾದ ಹೊಸದರಲ್ಲಿ ಅತ್ತೆಗೆ ಗೊತ್ತಾಗದ ಹಾಗೆ ತುಳಸಿದಳ ಓದಿದ್ದು, ಪುಸ್ತಕವನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದು. ಮಗುವಿನ ಮೇಲೆ ಮಾಟ ಮಾಡುವ ಕಥೆ. ಅದು ಓದಿದ ಮೇಲೆ ಮೂರು ವಾರ ನಿಂಬೆಹಣ್ಣು ಮುಟ್ಟಲಿಲ್ಲವಂತೆ. ಮನೆಯಲ್ಲಿ ಚಿತ್ರಾನ್ನಕ್ಕೂ ಹುಣಿಸೆ. "ನಮ್ಮತ್ತೆಗೆ ಮಾತ್ರ ಅನುಮಾನವೇ ಬರಲಿಲ್ಲ. ಯಾಕೆ ಅಂತ ಆಮೇಲೆ ಗೊತ್ತಾಯ್ತು. ಅಕ್ಕಿ ಡಬ್ಬದಿಂದ ತೆಗೆದು ಅವರೂ ಮಧ್ಯಾಹ್ನ ಓದ್ತಿದ್ರು."

ಹುಡುಗಿ ಪುಸ್ತಕ ಓದುವುದು ಕಿವಿಯಲ್ಲಿ. ಕಚೇರಿಗೆ ಹೋಗುವ ದಾರಿಯಲ್ಲಿ ಒಂದೂವರೆ ಸ್ಪೀಡಿನಲ್ಲಿ ಕೇಳುತ್ತಾಳೆ. ಟ್ರಾಫಿಕ್ ಜಾಸ್ತಿಯಿದ್ದರೆ ಒಂದಕ್ಕೆ ಇಳಿಸುತ್ತಾಳೆ. ಬೆಂಗಳೂರಿನಲ್ಲಿ ಸಾಹಿತ್ಯಕ್ಕೆ ಇಷ್ಟು ಉಪಕಾರ ಮಾಡಿದ್ದು ಟ್ರಾಫಿಕ್ ಸಿಗ್ನಲ್ಲೇ ಇರಬೇಕು. ಆದರೆ ಒಂದನ್ನು ಮಾತ್ರ ಕಾಗದದ ಮೇಲೆ ಓದಿದ್ದಳು. ವಿವೇಕ ಶಾನಭಾಗರ ಘಾಚರ್ ಘೋಚರ್.

"ನೂರು ಚಿಲ್ಲರೆ ಪುಟ ಅಷ್ಟೇ ಮೇಷ್ಟ್ರೇ. ನಿಮಗೂ ಆಗುತ್ತೆ."

"ಏನಮ್ಮ ಅದು ಹೆಸರು?"

"ಬಿಡಿಸೋಕೆ ಆಗದ ಹಾಗೆ ಗೋಜಲು ಆಗೋದು. ಕಥೇಲಿ ಒಂದು ಮನೆಯವರು ತಮ್ಮ ತಮ್ಮಲ್ಲೇ ಕಟ್ಟಿಕೊಂಡ ಮಾತು."

ಅವಳು ಕಥೆ ಹೇಳಿದಳು. ಒಂದು ಕಾಫಿ ಹೌಸ್. ಅಲ್ಲಿ ವಿನ್ಸೆಂಟ್ ಅನ್ನುವ ವೇಟರ್. ಅವನು ಆಡುವುದು ಎರಡು ಮಾತು, ಆದರೆ ನಮ್ಮ ಮನಸ್ಸಿನಲ್ಲಿ ಇರುವುದೆಲ್ಲ ಅವನಿಗೆ ಗೊತ್ತಿದೆ ಅನ್ನಿಸುತ್ತದೆ. ನನಗೆ ತಡೆಯಲಾಗಲಿಲ್ಲ. ನಮ್ಮ ಟೇಬಲ್ಲಿಗೆ ಎಂಟು ವರ್ಷದಿಂದ ಕಾಫಿ ಕೊಡುವ ಹುಡುಗನನ್ನು ಕರೆದು, "ಏನಪ್ಪಾ, ಜೀವನ ಹೇಗಿದೆ?" ಅಂದೆ.

ಅವನು ಯೋಚಿಸಿದ. ನಾವು ಐದೂ ಜನ ಕಾದೆವು.

"ಇಡ್ಲಿ ಖಾಲಿ ಸಾರ್," ಅಂದ.

ಇದರಲ್ಲಿ ಏನೋ ಗೂಢಾರ್ಥ ಇದೆ ಅಂತ ಮೇಷ್ಟ್ರು ಈಗಲೂ ವಾದಿಸುತ್ತಾರೆ.

ಹುಡುಗಿ ಅಷ್ಟಕ್ಕೆ ನಿಲ್ಲಿಸದೆ ವಸುಧೇಂದ್ರರ ತೇಜೋ ತುಂಗಭದ್ರಾ ಹೇಳಿದಳು. ಒಂದು ಕಡೆ ಲಿಸ್ಬನ್ನಿನ ತೇಜೋ ನದಿ, ಇನ್ನೊಂದು ಕಡೆ ವಿಜಯನಗರದ ಕಾಲದ ತುಂಗಭದ್ರೆ, ನಡುವೆ ಹಡಗು. ಪೋರ್ಚುಗಲ್ಲಿಗೆ ವೀಸಾ ಸುಲಭವಾ ಅಂತ ಸಾಹೇಬರು ಕೇಳಿದರು. ಅಲ್ಲಿಗೆ ಆ ಚರ್ಚೆ ಮುಗಿಯಿತು.

ಇನ್ನು ಬಾನು ಮುಷ್ತಾಕ್. 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಬೆನ್ನಲ್ಲೇ ನಮ್ಮ ಟೇಬಲ್ಲಿನಲ್ಲಿ ಎಲ್ಲರೂ "ನಾನು ಮೊದಲೇ ಹೇಳಿರಲಿಲ್ವಾ" ಅಂದಿದ್ದೆವು. ಯಾರೂ ಹೇಳಿರಲಿಲ್ಲ. ಸಾಹೇಬರ ಮಗ ಲಂಡನ್ನಿನಲ್ಲಿದ್ದಾನೆ. ದೀಪಾ ಭಾಸ್ತಿಯವರು ಮಾಡಿದ ಇಂಗ್ಲಿಷ್ ಅನುವಾದವನ್ನು ಅಪ್ಪನಿಗೆ ಕೊರಿಯರಿನಲ್ಲಿ ಕಳಿಸಿದ. ಹಾಸನದಲ್ಲಿ ಕೂತು ಕನ್ನಡದಲ್ಲಿ ಬರೆದ ಕಥೆ ಲಂಡನ್ ಸುತ್ತಿಕೊಂಡು, ಇಂಗ್ಲಿಷ್ ಕಲಿತು ಜಯನಗರಕ್ಕೆ ಬಂತು. ಸಾಹೇಬರು ಅದನ್ನು ಓದಿ, ಇಷ್ಟವಾಗಿ, "ಇದು ಕನ್ನಡದಲ್ಲೂ ಸಿಗುತ್ತಾ?" ಅಂತ ನನ್ನನ್ನೇ ಕೇಳಿದ್ದರು.

ಕೊನೆಗೆ ನನ್ನ ಸರದಿ. ನಾನು ಎಲ್ಲರಿಗೂ ಯಾವತ್ತೂ ಹೇಳುವುದು ಒಂದೇ: ತೇಜಸ್ವಿಯವರ ಕರ್ವಾಲೋ. 1980ರ ಪುಸ್ತಕ. ಅದಕ್ಕೂ ಮೊದಲು ನಾಲ್ಕು ಪ್ರತಿ ಕೊಂಡಿದ್ದೆ, ಮನೆಯಲ್ಲಿ ಒಂದೂ ಇರಲಿಲ್ಲ. ಒಂದು ದಾವಣಗೆರೆಗೆ ಹೋಯಿತು. ಒಂದು ಮೈದುನನ ಕಾರಿನಲ್ಲಿ ಹೋಯಿತು, ಆಮೇಲೆ ಅವನು ಕಾರನ್ನೇ ಮಾರಿದ. ಉಳಿದೆರಡರ ಸುಳಿವಿಲ್ಲ. ಐದನೆಯದು ಅವತ್ತು ನನ್ನ ಬ್ಯಾಗಿನಲ್ಲಿತ್ತು.

"ಕಥೆ ಏನು?" ಅಂದರು ಆಂಟಿ.

"ಹಾರುವ ಓತಿಯನ್ನು ಹುಡುಕಿಕೊಂಡು ಒಂದಷ್ಟು ಜನ ಕಾಡಿಗೆ ಹೋಗ್ತಾರೆ."

"ಸಿಗುತ್ತಾ?"

"ಅದು ಹೇಳಲ್ಲ."

"ಹಾಗಾದ್ರೆ ಸಿಗಲ್ಲ."

"ಸಿಗಲ್ಲ ಅಂತ ನಾನೆಲ್ಲಿ ಹೇಳಿದೆ?"

"ಸಿಗೋದಾಗಿದ್ರೆ ಸಂತೋಷಕ್ಕೆ ಹೇಳಿಬಿಡ್ತಿದ್ರಿ. ಅಲ್ಲ, ಒಂದು ಓತಿಗೆ ಅಷ್ಟು ಜನ ಯಾಕೆ ಬೇಕು? ನಮ್ಮ ಅಡಿಗೆಮನೆ ಹಲ್ಲೀನ ನಾನು ಒಬ್ಬಳೇ ಪೊರಕೇಲಿ ಓಡಿಸ್ತೀನಿ."

ಪುಸ್ತಕವನ್ನು ಶಿಫಾರಸು ಮಾಡುವಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಇರುವ ಕಥೆಯನ್ನು ಹೇಳಿದರೆ ಯಾರೂ ಓದುವುದಿಲ್ಲ. ನಾನು ದಾರಿ ಬದಲಿಸಿದೆ. ಮೂಡಿಗೆರೆಯ ಜೇನು ಸೊಸೈಟಿಗೆ ಜೇನುತುಪ್ಪ ಕೊಳ್ಳಲು ಹೋಗುವಲ್ಲಿಂದ ಹಿಡಿದು ಮಂದಣ್ಣನ ವಿಷಯ ಹೇಳಿದೆ. ಅವನನ್ನು ಊರವರೆಲ್ಲ ದಡ್ಡ ಅಂದುಕೊಂಡಿರುವುದು, ವಿಜ್ಞಾನಿ ಕರ್ವಾಲೋ ಮಾತ್ರ ಹಾಗೆ ಅಂದುಕೊಳ್ಳದಿರುವುದು, ಮಂದಣ್ಣನ ಮದುವೆಯ ಒದ್ದಾಟ, ಕಿವಿ ಅನ್ನುವ ನಾಯಿ.

ನಾಯಿಯ ಹತ್ತಿರ ಬರುವ ಹೊತ್ತಿಗೆ ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. "ನಾನು ಒಂದು ನಿಜ ಹೇಳಲಾ?" ಅಂದರು.

ಅವರು ಮುಗಿಸಿದ ಕೊನೆಯ ಪುಸ್ತಕ ಸಾಯಿಸುತೆಯವರದು. ಪೂರ್ತಿ. ಒಂದಲ್ಲ, ಮೂರು.

ಹೋದ ವರ್ಷ ಅವರ ಹೆಂಡತಿಗೆ ಮೊಣಕಾಲಿನ ಆಪರೇಷನ್ ಆಯಿತಲ್ಲ, ಆಗ. ಆಸ್ಪತ್ರೆಗೆ ಹೊರಡುವ ಗಡಿಬಿಡಿಯಲ್ಲಿ ಹೆಂಡತಿ ಕಾದಂಬರಿ ತಂದಿದ್ದರು, ಕನ್ನಡಕ ಮರೆತಿದ್ದರು. ರಾತ್ರಿ ನಿದ್ದೆ ಬಾರದೆ, "ನೀವೇ ಸ್ವಲ್ಪ ಓದಿ" ಅಂದರು. ಮೂವತ್ತು ವರ್ಷ ಕ್ಲಾಸಿನಲ್ಲಿ ಇಂಥದನ್ನು ಓದಬೇಡಿ ಅಂತ ಹುಡುಗಿಯರ ಡೆಸ್ಕಿನಿಂದ ಪುಸ್ತಕ ಕಿತ್ತುಕೊಂಡವರು, ಸ್ಟೂಲ್ ಎಳೆದುಕೊಂಡು ಓದಿದರು. ಮೊದಮೊದಲು ಪಾಠದ ದನಿಯಲ್ಲಿ. ಎರಡನೇ ರಾತ್ರಿ ನಾಯಕಿಗೆ ಬೇರೆ ದನಿ, ಅವಳ ಅತ್ತೆಗೆ ಬೇರೆ ದನಿ. ಪರದೆಯ ಆಚೆ ಪಕ್ಕದ ಮಂಚದಲ್ಲಿ ಸೊಂಟ ಮುರಿದುಕೊಂಡು ಮಲಗಿದ್ದ ಅಜ್ಜಿ, "ಸ್ವಲ್ಪ ಜೋರಾಗಿ ಓದಪ್ಪಾ" ಅಂದರು. ಮೂರನೇ ರಾತ್ರಿ ನರ್ಸಮ್ಮನೂ ಬಿಪಿ ನೋಡುವ ನೆಪದಲ್ಲಿ ಅರ್ಧ ಗಂಟೆ ನಿಂತರು.

"ಹೀರೋ ಇನ್ನೇನು ಒಪ್ಕೋಬೇಕು, ಅಷ್ಟರಲ್ಲಿ ಡಿಸ್ಚಾರ್ಜ್ ಮಾಡಿಬಿಟ್ರು," ಅಂದರು ಮೇಷ್ಟ್ರು. "ಆ ಅಜ್ಜಿ ನನ್ನ ಕೈ ಹಿಡ್ಕೊಂಡು, ಒಪ್ಪಿದ್ನೋ ಇಲ್ಲವೋ ಅಷ್ಟು ಹೇಳಿ ಹೋಗಪ್ಪಾ ಅಂದ್ರು. ಕಾರಿಡಾರಲ್ಲಿ ನಿಂತು ಕೊನೇ ಅಧ್ಯಾಯ ಓದಿಕೊಂಡು, ವಾಪಸ್ ಹೋಗಿ ಹೇಳಿ ಬಂದೆ."

"ಒಪ್ಪಿದ್ನಾ?" ಅಂದರು ಸಾಹೇಬರು. ಕೊನೇ ಹಾಳೆ ಕಳೆದುಕೊಂಡವರ ಸಂಕಟ.

"ಒಪ್ಪದೆ ಎಲ್ಲಿ ಹೋಗ್ತಾನೆ?"

ಯಾರೂ ನಗಲಿಲ್ಲ. ಆಂಟಿಗಂತೂ ಕಣ್ಣು ಮಿಟುಕಿಸುವ ಕೆಲಸ ಸ್ವಲ್ಪ ಜಾಸ್ತಿಯಾಗಿತ್ತು. ಹುಡುಗಿ ಮಾತ್ರ, "ಮೇಷ್ಟ್ರೇ, ನೀವು ಆಡಿಯೋ ಪುಸ್ತಕಕ್ಕೆ ಓದಬಾರದಾ?" ಅಂದಳು. ಮೇಷ್ಟ್ರು ನಾಚಿಕೊಂಡಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಬಿಲ್ ಬಂತು. ಬಿಲ್ ಬಂದಾಗ ಸಾಹೇಬರಿಗೆ ಫೋನ್ ಬರುವುದು ನಮ್ಮಲ್ಲಿ ಹಳೆಯ ಸಂಪ್ರದಾಯ. ನಾನು ದುಡ್ಡು ಎಣಿಸಿ ಕೊಟ್ಟು ತಿರುಗುವಷ್ಟರಲ್ಲಿ ಮೇಷ್ಟ್ರ ಕೈಯಲ್ಲಿ ನನ್ನ ಐದನೇ ಕರ್ವಾಲೋ ಇತ್ತು. ನಿಂತಲ್ಲೇ ಎರಡು ಪುಟ ಓದಿದ್ದರು. "ಆ ನಾಯಿ ಎಷ್ಟನೇ ಪುಟಕ್ಕೆ ಬರುತ್ತೆ?" ಅಂತ ಕೇಳಿದರು. ನಾನು ಉತ್ತರ ಹುಡುಕುತ್ತಿರುವಾಗ ಚೀಲಕ್ಕೆ ಕೈ ಹಾಕಿ, ಪರ್ವದಿಂದ ಎಲ್‌ಐಸಿ ರಸೀದಿಯನ್ನು ಎಳೆದು ಕರ್ವಾಲೋದ ಮೂರನೇ ಪುಟಕ್ಕೆ ಸಿಕ್ಕಿಸಿ, ಬಸ್ಸು ಬಂತು ಅಂತ ಹೊರಟೇಬಿಟ್ಟರು.

ಆರನೇ ಪ್ರತಿಗೆ ಹೇಳಿದ್ದೇನೆ. ಪಾಪ, ಶಲ್ಯ ಮಹಾರಾಜನ ಹತ್ತಿರ ಈಗ ಗುರುತಿನ ಚೀಟಿಯೂ ಇಲ್ಲ.