ಅಪ್‌ಡೇಟ್: ಮಂಡ್ಯದ ಕೆಸರಲ್ಲಿ ಸೈಕ್ಲೋಕ್ರಾಸ್

ಹೋದ ವಾರ ಕೇಳಿದ್ದೆ: ಮಂಡ್ಯದ ಹತ್ತಿರ ಗೆಳೆಯರೇ ಸೇರಿ ನಡೆಸುವ ಎರಡು ದಿನದ ಸೈಕ್ಲೋಕ್ರಾಸ್‌ಗೆ (ಮಣ್ಣು, ಹುಲ್ಲು, ಕೆಸರಿನ ಹಾದಿಯ ಸೈಕಲ್ ರೇಸ್) ಟೈರಿನಲ್ಲಿ ಎಷ್ಟು ಗಾಳಿ ಇರಬೇಕು, ಮಳೆ ಬಂದರೆ ಏನು ಮಾಡೋದು ಅಂತ. ಮಳೆ ಬಂದರೆ ಗಾಳಿ ಕಡಿಮೆ ಮಾಡಿ ಅಂದಿದ್ದಿರಿ.

ಶನಿವಾರ ಸುಡು ಬಿಸಿಲು. ಕಬ್ಬಿನ ಗದ್ದೆ ಪಕ್ಕದ ನೆಲ ಕಲ್ಲಿನ ಹಾಗೆ ಗಟ್ಟಿ. 33 ಮಿಲಿಮೀಟರ್ ಟೈರಿಗೆ 35 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಸರಿಹೋಯಿತು. ಹೇಳೋಕೆ ಜಾಸ್ತಿ ಏನಿಲ್ಲ.

ರಾತ್ರಿ ಮಳೆ ಹುಯ್ಯಿತು. ಭಾನುವಾರ 26ಕ್ಕೆ ಇಳಿಸಿದೆ. ಟ್ಯೂಬ್‌ಲೆಸ್ ಆದ್ದರಿಂದ ಧೈರ್ಯ. ಟ್ಯೂಬ್ ಇದ್ದಿದ್ದರೆ ಕಲ್ಲಿಗೆ ಬಡಿದು ಪಂಕ್ಚರ್ ಆಗುತ್ತಿತ್ತೇನೋ. ತಿರುವಿನಲ್ಲಿ ಹಿಡಿತ ಚೆನ್ನಾಗಿತ್ತು, ನಿಜ. ಆದರೆ ಕೆಂಪು ಮಣ್ಣಿಗೆ ಯಾರೂ ಮದ್ದು ಹೇಳಿರಲಿಲ್ಲ! ಫೋರ್ಕ್‌ಗೂ (ಮುಂದಿನ ಚಕ್ರ ಹಿಡಿದಿರುವ ಕವಲು) ಟೈರಿಗೂ ನಡುವೆ ಮೆತ್ತಿಕೊಂಡು ಚಕ್ರವೇ ತಿರುಗಲಿಲ್ಲ. ಇಳಿದೆ, ಹೆಗಲಿಗೇರಿಸಿದೆ, ಓಡಿದೆ. ಈ ಆಟದಲ್ಲಿ ಅದೂ ಸೇರಿದ್ದೇ ಅಲ್ವಾ. ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಅಜ್ಜಿ ನಿಂತು ನೋಡಿ, "ಸೈಕಲ್ ನಿನ್ನ ಹೊರ್ಬೇಕೋ, ನೀನು ಸೈಕಲ್ ಹೊರ್ಬೇಕೋ ಮಗಾ?" ಅಂದರು. ನಗು ಬಂದು ಉಸಿರೇ ಕಟ್ಟಿತು.

ಕೊನೆಯಿಂದ ಮೂರನೆಯವನಾಗಿ ಮುಗಿಸಿದೆ. ಚೈನ್ ತೊಳೆದು ಎಣ್ಣೆ ಹಾಕಿದ್ದೇನೆ. ಬ್ರೇಕ್ ಮಾತ್ರ ಇನ್ನೂ ಕಿರ್ ಅನ್ನುತ್ತಿದೆ, ಪ್ಯಾಡ್ ಬದಲಿಸಬೇಕು.