ಎಂಎಸ್‌ಡಬ್ಲ್ಯೂ ಮಾಡಲೋ, ಸಾಮಾಜಿಕ ನೀತಿ ಓದಲೋ?

ಪ್ರಶ್ನೆ: ನಮಸ್ಕಾರ ಮೇಡಂ. ಪದವಿಯಲ್ಲಿ ನಾನು ಓದಿದ್ದು ಸಾಹಿತ್ಯ. ಈಗ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ವಯಸ್ಸಾದವರಿಗೆ ಪಿಂಚಣಿ ಅರ್ಜಿ ತುಂಬಿಕೊಡುವ ಕೆಲಸ ಮಾಡುತ್ತಿದ್ದೇನೆ. ಅರ್ಹರ ಅರ್ಜಿಗಳೇ ತಿರಸ್ಕಾರವಾಗಿ ವಾಪಸ್ ಬರುವುದನ್ನು ನೋಡಿ ನೋಡಿ, ಈ ನಿಯಮಗಳು ಹೇಗೆ ಹುಟ್ಟುತ್ತವೆ ಎಂಬುದನ್ನೇ ಓದಬೇಕು ಅನ್ನಿಸಿದೆ. ಸಮಾಜ ಕಲ್ಯಾಣ, ಸಾಮಾಜಿಕ ನೀತಿ, ಸಾಮಾಜಿಕ ನ್ಯಾಯ ಎಂದು ಬೇರೆ ಬೇರೆ ಹೆಸರಿನ ಸ್ನಾತಕೋತ್ತರ ಕೋರ್ಸ್‌ಗಳಿವೆ, ಎಂಎಸ್‌ಡಬ್ಲ್ಯೂ (ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ) ಬೇರೆ ಇದೆ. ಯಾವುದು ಸರಿ? ಗಣಿತ ಅಂದರೆ ನನಗೆ ಭಯ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ಉತ್ತರ: ನಮಸ್ಕಾರ. ನಾನು ಸಾಮಾಜಿಕ ನೀತಿ ಕಲಿಸುವವಳು, ಹಾಗಾಗಿ ಆ ಕಡೆಗೆ ನನ್ನ ಒಲವಿದೆ ಎಂಬುದು ನಿಮ್ಮ ಗಮನದಲ್ಲಿರಲಿ.

ಎದುರಿಗೆ ಕೂತ ವ್ಯಕ್ತಿಯ ಜೊತೆ ಕೆಲಸ ಮಾಡಬೇಕೋ, ಆ ವ್ಯಕ್ತಿಯ ಅರ್ಜಿಯನ್ನು ತಿರಸ್ಕರಿಸಿದ ನಿಯಮದ ಮೇಲೆ ಕೆಲಸ ಮಾಡಬೇಕೋ? ಇದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ. ಎಂಎಸ್‌ಡಬ್ಲ್ಯೂ ಮೊದಲನೆಯದಕ್ಕೆ ತಯಾರು ಮಾಡುತ್ತದೆ. ಕುಟುಂಬ, ಆಪ್ತ ಸಮಾಲೋಚನೆ, ಸಮುದಾಯ ಸಂಘಟನೆ, ಮೇಲ್ವಿಚಾರಕರ ಕೈಕೆಳಗೆ ತಿಂಗಳುಗಟ್ಟಲೆ ಫೀಲ್ಡ್‌ವರ್ಕ್ ಅದರ ಜೀವಾಳ. ಸಾಮಾಜಿಕ ನೀತಿ ಕೇಳುವ ಪ್ರಶ್ನೆಗಳೇ ಬೇರೆ: ಯಾರಿಗೆ ಏನು ಸಿಗುತ್ತದೆ, ಯಾವ ಷರತ್ತಿನ ಮೇಲೆ, ಅದಕ್ಕೆ ಹಣ ಕೊಡುವವರು ಯಾರು, ಕೊನೆಗೆ ಹೊರಗುಳಿಯುವವರು ಯಾರು. ನೀವು ಬರೆದಿರುವುದನ್ನು ಓದಿದರೆ ನಿಮ್ಮ ಮನಸ್ಸು ಎರಡನೆಯದರ ಕಡೆಗೇ ಇದೆ.

ಆದರೆ ಒಂದು ಎಚ್ಚರಿಕೆ. ಬ್ರಿಟನ್, ಅಮೆರಿಕದಂಥ ಹಲವು ದೇಶಗಳಲ್ಲಿ ವೃತ್ತಿಪರ ಸಮಾಜ ಕಾರ್ಯಕರ್ತರಾಗಲು ನೋಂದಣಿ ಅಥವಾ ಪರವಾನಗಿ ಬೇಕು. ಸಾಮಾಜಿಕ ನೀತಿಯ ಪದವಿಯಿಂದ ಸಾಮಾನ್ಯವಾಗಿ ಅದು ಸಿಗುವುದಿಲ್ಲ. ಮುಂದೆಂದಾದರೂ ಆ ಕೆಲಸಕ್ಕೆ ಹೋಗುವ ಆಸೆ ಇದ್ದರೆ ಈಗಲೇ ವಿಚಾರಿಸಿಕೊಳ್ಳಿ.

ಇನ್ನು ಕೋರ್ಸಿನ ಹೆಸರು. ಅದನ್ನು ನಂಬಬೇಡಿ, ಪಠ್ಯಕ್ರಮ ತೆರೆದು ನೋಡಿ. ‘ನ್ಯಾಯ’ ಎಂಬ ಹೆಸರಿರುವ ಒಂದು ಕೋರ್ಸಿನಲ್ಲಿ ಮುಕ್ಕಾಲು ಪಾಲು ತತ್ವಶಾಸ್ತ್ರ ಇರಬಹುದು, ಇನ್ನೊಂದರಲ್ಲಿ ಬರೀ ಯೋಜನೆಗಳ ಮೌಲ್ಯಮಾಪನ ಇರಬಹುದು. ಸಂಶೋಧನಾ ವಿಧಾನ ಕಡ್ಡಾಯವಾಗಿ ಇದೆಯೇ, ನೀವೇ ಮಾಹಿತಿ ಕಲೆಹಾಕಿ ಪ್ರಬಂಧ ಬರೆಯಲು ಅವಕಾಶ ಇದೆಯೇ ಎಂದು ನಾನು ಮೊದಲು ನೋಡುತ್ತೇನೆ. ಇವೆರಡೂ ಇಲ್ಲದ ಕೋರ್ಸ್ ಎಷ್ಟೇ ಹೆಸರುವಾಸಿಯಾದರೂ ನಿಮ್ಮ ಉದ್ದೇಶಕ್ಕೆ ಒದಗುವುದಿಲ್ಲ.

ಪ್ರಶ್ನೆ: ಧನ್ಯವಾದ ಮೇಡಂ. ಮೊದಲ ವರ್ಷದಲ್ಲಿ ನಿಜಕ್ಕೂ ಏನು ಓದಿಸುತ್ತಾರೆ? ಇತಿಹಾಸ ಜಾಸ್ತಿ ಇರುತ್ತದೆ ಎಂದು ಕೇಳಿದ್ದೆ.

ಉತ್ತರ: ಇರುತ್ತದೆ, ಇರಲೇಬೇಕು. ಪಿಂಚಣಿಯನ್ನೇ ತೆಗೆದುಕೊಳ್ಳಿ. ಜರ್ಮನಿಯಲ್ಲಿ ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಬಿಸ್ಮಾರ್ಕ್ 1883ರಲ್ಲಿ ಕಾರ್ಮಿಕರಿಗೆ ಆರೋಗ್ಯ ವಿಮೆ, 1884ರಲ್ಲಿ ಅಪಘಾತ ವಿಮೆ, 1889ರಲ್ಲಿ ವೃದ್ಧಾಪ್ಯ ಮತ್ತು ಅಂಗವೈಕಲ್ಯ ವಿಮೆ ತಂದ. ಕಾರ್ಮಿಕರು ಸಮಾಜವಾದಿ ಪಕ್ಷದತ್ತ ವಾಲದಂತೆ ತಡೆಯುವ ಲೆಕ್ಕಾಚಾರವೂ ಅದರ ಹಿಂದೆ ಇತ್ತು. ವೃದ್ಧಾಪ್ಯ ಪಿಂಚಣಿಗೆ ಗೊತ್ತುಮಾಡಿದ ವಯಸ್ಸು 70. ಆ ಕಾಲದ ಎಷ್ಟು ಕಾರ್ಮಿಕರು ಆ ವಯಸ್ಸು ಮುಟ್ಟುತ್ತಿದ್ದರು ಎಂದು ಕೇಳಿದ ಕೂಡಲೇ ನೀವು ಸಾಮಾಜಿಕ ನೀತಿಯ ವಿದ್ಯಾರ್ಥಿಯಾದಿರಿ.

ಬ್ರಿಟನ್ ಸರ್ಕಾರಕ್ಕೆ ವಿಲಿಯಂ ಬೆವರಿಜ್ ಕೊಟ್ಟ 1942ರ ವರದಿಯನ್ನೂ ಓದುತ್ತೀರಿ. ಅಭಾವ, ರೋಗ, ಅಜ್ಞಾನ, ಕೊಳಕು, ನಿರುದ್ಯೋಗ ಎಂಬ ಐದು ದೈತ್ಯರ ವಿರುದ್ಧ ಹೋರಾಟ ಎಂದು ಅದು ಸಾರಿತು. ಯುದ್ಧಾನಂತರದ ಬ್ರಿಟನ್ನಿನ ಕಲ್ಯಾಣ ವ್ಯವಸ್ಥೆಗೆ ಅದೇ ನಕ್ಷೆ. ಆದರೆ ಗಂಡ ದುಡಿದು ವಿಮೆಯ ವಂತಿಗೆ ಕಟ್ಟುತ್ತಾನೆ, ಹೆಂಡತಿಗೆ ಅವನ ಮೂಲಕ ರಕ್ಷಣೆ ಸಿಗುತ್ತದೆ ಎಂಬ ಊಹೆ ಅದರೊಳಗೇ ಕೂತಿತ್ತು. ಗಂಡನಿಂದ ಬೇರೆಯಾದವಳ ಪಾಡೇನು, ಮನೆಯಲ್ಲಿ ಹಾಸಿಗೆ ಹಿಡಿದವರ ಆರೈಕೆಗೇ ಬದುಕು ಕೊಟ್ಟವಳ ಲೆಕ್ಕವೇನು? ಒಳ್ಳೆಯ ಮನಸ್ಸಿನಿಂದ ಬರೆದ ನಿಯಮದಲ್ಲೂ ಯಾರನ್ನೋ ಹೊರಗಿಡುವ ಊಹೆ ಅಡಗಿರಬಲ್ಲದು. ಅದನ್ನು ಹುಡುಕುವ ಕಣ್ಣು ಬರಲಿ ಎಂದೇ ಹಳೆಯ ದಾಖಲೆಗಳನ್ನು ಓದಿಸುವುದು.

ಪ್ರಶ್ನೆ: ಮತ್ತೆ ಆ ಗಣಿತದ ವಿಚಾರ?

ಉತ್ತರ: ಸ್ಟ್ಯಾಟಿಸ್ಟಿಕ್ಸ್ ತಪ್ಪಿಸಿಕೊಳ್ಳಬೇಡಿ, ದಯವಿಟ್ಟು. ಏಕೆ ಅಂತ ಒಂದು ನಿಜ ಘಟನೆಯಿಂದ ಹೇಳುತ್ತೇನೆ.

ಆಸ್ಟ್ರೇಲಿಯಾದಲ್ಲಿ 2016ರಿಂದ ರೋಬೋಡೆಟ್ ಎಂದು ಜನ ಕರೆದ ವ್ಯವಸ್ಥೆಯೊಂದು ದೊಡ್ಡ ಪ್ರಮಾಣದಲ್ಲಿ ಜಾರಿಗೆ ಬಂತು. ಸರ್ಕಾರದ ನೆರವು ಪಡೆದವರು ತಮ್ಮ ಆದಾಯವನ್ನು ಎರಡು ವಾರಕ್ಕೊಮ್ಮೆ ತಿಳಿಸಬೇಕಿತ್ತು. ಈ ವ್ಯವಸ್ಥೆ ತೆರಿಗೆ ಇಲಾಖೆಯಲ್ಲಿದ್ದ ವಾರ್ಷಿಕ ಆದಾಯವನ್ನು 26 ಪಾಕ್ಷಿಕಗಳಿಗೆ ಸಮನಾಗಿ ಹಂಚಿ, ಅವರು ತಿಳಿಸಿದ್ದಕ್ಕೆ ತಾಳೆ ನೋಡಿತು. ಒಬ್ಬಾಕೆ 13 ಪಾಕ್ಷಿಕ ದುಡಿದು ಪ್ರತಿ ಬಾರಿ 2,000 ಡಾಲರ್ ಗಳಿಸಿದಳು, ಉಳಿದ 13ರಲ್ಲಿ ಕೆಲಸವಿಲ್ಲದೆ ನೆರವು ಪಡೆದಳು ಎಂದುಕೊಳ್ಳಿ. ಒಟ್ಟು 26,000, ಸರಾಸರಿ 1,000. ಅಂದರೆ ದುಡಿಮೆಯಿಂದ ಒಂದು ಡಾಲರೂ ಬಾರದಿದ್ದ ಪಾಕ್ಷಿಕದಲ್ಲೂ ಅವಳಿಗೆ 1,000 ಬಂದಿತ್ತು ಎಂದು ಕಂಪ್ಯೂಟರ್ ಭಾವಿಸಿತು. ಸಲ್ಲಬೇಕಾದ್ದಕ್ಕಿಂತ ಹೆಚ್ಚು ನೆರವು ಪಡೆದಿದ್ದೀರಿ, ವಾಪಸ್ ಕಟ್ಟಿ ಎಂಬ ಅರ್ಥದ ನೋಟಿಸ್ ಹೋಯಿತು. ಸಾಲ ಇಲ್ಲವೆಂದು ರುಜುವಾತು ಮಾಡುವ ಹೊರೆ ಅವಳ ಮೇಲೆಯೇ ಬಿತ್ತು.

ಹೀಗೆ ತೊಂದರೆಗೆ ಸಿಕ್ಕವರು ನಾಲ್ಕು ಲಕ್ಷಕ್ಕೂ ಹೆಚ್ಚು ಜನ. ಹಣ ಹಿಂದಿರುಗಿಸುವುದಾಗಿ ಸರ್ಕಾರ ಹೇಳಿದ್ದು 2020ರಲ್ಲಿ, ತನಿಖೆ ನಡೆಸಿದ ರಾಯಲ್ ಕಮಿಷನ್ ವರದಿ ಕೊಟ್ಟಿದ್ದು 2023ರಲ್ಲಿ. ಇದರಲ್ಲಿ ಇದ್ದ ಗಣಿತ ಯಾವುದು ಹೇಳಿ? ಭಾಗಾಕಾರ, ಅಷ್ಟೇ. ಸರಾಸರಿ ಏನನ್ನು ಮುಚ್ಚಿಡುತ್ತದೆ ಎಂದು ಗಟ್ಟಿಯಾಗಿ ಕೇಳಬಲ್ಲವರು ಬೇಕಾಗಿದ್ದರು. ಸಾಹಿತ್ಯ ಓದಿದವರು ಇದನ್ನು ಚೆನ್ನಾಗಿ ಕಲಿಯುತ್ತಾರೆ. ಒಂದು ವಾಕ್ಯ ಏನನ್ನು ಹೇಳದೆ ಬಿಟ್ಟಿದೆ ಎಂದು ನೋಡುವ ಅಭ್ಯಾಸ ನಿಮಗೆ ಈಗಾಗಲೇ ಇದೆ, ಸಂಖ್ಯೆಯನ್ನೂ ಹಾಗೆಯೇ ಓದಬೇಕು.

ಇನ್ನೊಬ್ಬರ ಪ್ರಶ್ನೆ: ಮೇಡಂ, ನಾನು ಲೆಕ್ಕಪತ್ರ ವಿಭಾಗದಲ್ಲಿದ್ದವನು. ಹಣ ಮಿತಿಯಲ್ಲಿರುತ್ತದೆ. ಅನರ್ಹರು ನುಸುಳದಂತೆ ಬಿಗಿ ಮಾಡದಿದ್ದರೆ ನಿಜವಾದ ಬಡವರ ಪಾಲೇ ಕರಗುತ್ತದಲ್ಲವೇ?

ಉತ್ತರ: ಸರ್, ನಿಮ್ಮ ಕಾಳಜಿ ನ್ಯಾಯವಾದದ್ದೇ. ಆದರೆ ತಪ್ಪು ಎರಡು ಬಗೆ. ಅನರ್ಹರು ಒಳಬರುವುದು ಒಂದು, ಅರ್ಹರು ಹೊರಗುಳಿಯುವುದು ಇನ್ನೊಂದು. ಒಂದನ್ನು ತಡೆಯಲು ದಾಖಲೆ, ಪರಿಶೀಲನೆ ಹೆಚ್ಚಿಸಿದಷ್ಟೂ ಇನ್ನೊಂದು ಬೆಳೆಯುವ ಸಂಭವವೇ ಹೆಚ್ಚು. ಮೊದಲನೆಯದು ಲೆಕ್ಕಪರಿಶೋಧನೆಯಲ್ಲಿ ಕಾಣುತ್ತದೆ. ಎರಡನೆಯದು ಸುಲಭಕ್ಕೆ ಕಾಣುವುದಿಲ್ಲ, ಅರ್ಜಿಯನ್ನೇ ಹಾಕದೆ ಮನೆಗೆ ಹೋದವರ ಹೆಸರು ಯಾವ ಕಡತದಲ್ಲೂ ಇರುವುದಿಲ್ಲ. ನನ್ನ ನಿಲುವು ಸ್ಪಷ್ಟ: ಅನರ್ಹನೊಬ್ಬನಿಗೆ ಹೋದ ಹಣಕ್ಕಿಂತ, ಅರ್ಹಳೊಬ್ಬಳ ಕೈತಪ್ಪಿದ ಹಣ ದೊಡ್ಡ ನಷ್ಟ.

ಇದರ ಬಗ್ಗೆ ವಿದ್ವಾಂಸರಲ್ಲೂ ಜಗಳವಿದೆ. ಸ್ವೀಡನ್ನಿನ ಕೋರ್ಪಿ ಮತ್ತು ಪಾಲ್ಮೆ 1998ರಲ್ಲಿ, ಬಡವರಿಗೆ ಮಾತ್ರ ಎಂದು ಬಿಗಿಯಾಗಿ ಗುರಿಯಿಟ್ಟ ದೇಶಗಳಿಗಿಂತ ಎಲ್ಲರನ್ನೂ ಒಳಗೊಂಡ ದೇಶಗಳೇ ಅಸಮಾನತೆಯನ್ನು ಹೆಚ್ಚು ತಗ್ಗಿಸಿವೆ ಎಂದು ವಾದಿಸಿದರು. ಎಲ್ಲರಿಗೂ ಪಾಲಿದ್ದರೆ ಎಲ್ಲರೂ ತೆರಿಗೆ ಕೊಡಲು ಒಪ್ಪುತ್ತಾರೆ ಎಂಬುದು ಅವರ ವಿವರಣೆ. ಮುಂದಿನ ಅಧ್ಯಯನಗಳಲ್ಲಿ ಆ ಸಂಬಂಧ ಅಷ್ಟು ಬಲವಾಗಿ ಕಾಣಲಿಲ್ಲ. ಎರಡೂ ಕಡೆಯ ವಾದವನ್ನು ತರಗತಿಯಲ್ಲಿ ಓದಿಸುತ್ತೇವೆ.

ಪ್ರಶ್ನೆ: ‘ನ್ಯಾಯ’ದ ಪಾಠಗಳಿಂದ ಕೆಲಸದಲ್ಲಿ ಉಪಯೋಗ ಇದೆಯಾ ಮೇಡಂ? ಬರೀ ಸಿದ್ಧಾಂತ ಅನ್ನಿಸುತ್ತದೆ.

ಉತ್ತರ: ಇದೆ. ಇಬ್ಬರು ವೃದ್ಧರಿಗೆ ಒಂದೇ ಮೊತ್ತ ಕೊಟ್ಟರೆ ಸಮಾನವಾಗಿ ಕೊಟ್ಟಂತಾಯಿತೇ? ಒಬ್ಬರು ನಡೆದಾಡಬಲ್ಲರು, ಇನ್ನೊಬ್ಬರಿಗೆ ಗಾಲಿಕುರ್ಚಿ, ಸಹಾಯಕರು, ವಾಹನ ಎಲ್ಲಕ್ಕೂ ಖರ್ಚು. ಅದೇ ಹಣದಿಂದ ಇಬ್ಬರೂ ಒಂದೇ ಮಟ್ಟದ ಬದುಕು ನಡೆಸಲಾರರು. ಅಮರ್ತ್ಯ ಸೇನ್ ಅವರ ಸಾಮರ್ಥ್ಯ ದೃಷ್ಟಿ ಇದನ್ನೇ ಎತ್ತಿ ಹೇಳುತ್ತದೆ. ರಾಜಕೀಯ ಚಿಂತಕಿ ನ್ಯಾನ್ಸಿ ಫ್ರೇಸರ್ ಅವರದು ಇನ್ನೊಂದು ಪ್ರಶ್ನೆ: ಹಂಚಿಕೆ ಸರಿಯಾದರೆ ಸಾಕೇ, ಘನತೆ ಬೇಡವೇ? ಹಣ ಕೊಟ್ಟು, ಸರತಿ ಸಾಲಿನಲ್ಲಿ ಅವಮಾನ ಮಾಡಿ ಕಳಿಸಿದರೆ ಅದು ಅರ್ಧ ನ್ಯಾಯವೂ ಅಲ್ಲ. ಅರ್ಜಿಯ ನಮೂನೆ ರೂಪಿಸುವಾಗ ಈ ಪ್ರಶ್ನೆಗಳು ನೇರವಾಗಿ ಕೆಲಸಕ್ಕೆ ಬರುತ್ತವೆ.

ಪ್ರಶ್ನೆ: ಕೊನೆಯದಾಗಿ, ಪ್ರವೇಶಕ್ಕೆ ಬರೆಯುವ ಉದ್ದೇಶ ಪತ್ರದಲ್ಲಿ ಏನಿರಬೇಕು? ಮುಂದೆ ಕೆಲಸ ಸಿಗುತ್ತದೆಯೇ?

ಉತ್ತರ: ಕೆಲಸಗಳು ಸರ್ಕಾರಿ ಇಲಾಖೆ, ಸಂಶೋಧನಾ ಸಂಸ್ಥೆ, ಸ್ವಯಂಸೇವಾ ಸಂಸ್ಥೆ, ಅಂತರರಾಷ್ಟ್ರೀಯ ಸಂಸ್ಥೆಗಳಲ್ಲಿವೆ. ಹುದ್ದೆಯ ಹೆಸರಿನಲ್ಲಿ ‘ಸಾಮಾಜಿಕ ನೀತಿ’ ಎಂದು ಇರುವುದು ಅಪರೂಪ. ಮೌಲ್ಯಮಾಪನ, ಸಂಶೋಧನೆ, ಕಾರ್ಯಕ್ರಮ ನಿರ್ವಹಣೆ ಎಂಬ ಹೆಸರುಗಳಲ್ಲಿ ಹುಡುಕಬೇಕು.

ಉದ್ದೇಶ ಪತ್ರದಲ್ಲಿ ‘ಬಡವರ ಸೇವೆ ಮಾಡಬೇಕೆಂಬ ಹಂಬಲ’ ಎಂದು ಶುರು ಮಾಡಬೇಡಿ, ಅದು ಎಲ್ಲರೂ ಬರೆಯುವ ಮಾತು. ನಿಮ್ಮಲ್ಲಿ ಬೇರೆಯವರಲ್ಲಿ ಇಲ್ಲದ್ದು ಇದೆ. ಅರ್ಜಿ ತಿರಸ್ಕಾರಕ್ಕೆ ಪದೇ ಪದೇ ಬರುವ ಒಂದೇ ಒಂದು ಕಾರಣ ಆರಿಸಿಕೊಳ್ಳಿ, ವಯಸ್ಸಿನ ದಾಖಲೆ ಎನ್ನಿ. ಆ ದಾಖಲೆಯನ್ನೇ ಏಕೆ ಕೇಳುತ್ತಾರೆ, ಯಾರ ಬಳಿ ಅದು ಇರುವುದಿಲ್ಲ, ಬದಲಿಗೆ ಏನನ್ನು ಒಪ್ಪಬಹುದಿತ್ತು ಎಂದು ಎರಡು ಪುಟ ಬರೆಯಿರಿ. ನಾನು ಓದುವಾಗ ಅಂಥ ಪತ್ರವನ್ನು ಆಯ್ಕೆಗೆಂದು ಪಕ್ಕಕ್ಕೆ ತೆಗೆದಿಡುತ್ತೇನೆ.

ಪ್ರಬಂಧಕ್ಕೂ ಅದೇ ವಿಷಯ ಬೆಳೆಸಬಹುದು. ಸಂದರ್ಶನ ಕೊಡುವವರಿಗೆ ‘ಇದರಿಂದ ನಿಮ್ಮ ಪಿಂಚಣಿ ಬರುತ್ತದೆ’ ಎಂಬ ಭರವಸೆ ಮೂಡದಂತೆ ನೋಡಿಕೊಳ್ಳಿ, ಒಪ್ಪಿಗೆ ಕೇಳುವಾಗಲೇ ಬಿಡಿಸಿ ಹೇಳಿ. ನೀವೇ ಅರ್ಜಿ ತುಂಬಿಕೊಟ್ಟವರು ನಿಮಗೆ ಬೇಡ ಎನ್ನಲು ಮುಜುಗರ ಪಡುತ್ತಾರೆ, ಹಾಗಾಗಿ ಸಾಧ್ಯವಾದರೆ ಅವರನ್ನು ಬಿಟ್ಟು ಬೇರೆಯವರ ಬಳಿ ಹೋಗಿ. ಸಂಸ್ಥೆಯ ಹಳೆಯ ಅರ್ಜಿಗಳನ್ನು ಹೆಸರು, ವಿಳಾಸ ತೆಗೆದು ಬಳಸಲು ಲಿಖಿತ ಅನುಮತಿ ಬೇಕು, ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆಯೂ ಬೇಕಾಗಬಹುದು. ಎರಡಕ್ಕೂ ಸಮಯ ಹಿಡಿಯುತ್ತದೆ. ಪ್ರವೇಶ ಸಿಕ್ಕ ಕೂಡಲೇ ಕೇಳಲು ಶುರು ಮಾಡಿ.