ಹಳೆಯ ಯೆಜ್ಡಿ ರೋಡ್‌ಕಿಂಗ್‌ನ ಎಡಬದಿಯಲ್ಲಿ ಲೊಡಲೊಡ ಸದ್ದು: ಎಂಜಿನ್ ಬಿಚ್ಚಿಸಲೇಬೇಕೆ?

ಪ್ರಶ್ನೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1984ರಲ್ಲಿ ತಯಾರಾದ ಯೆಜ್ಡಿ ರೋಡ್‌ಕಿಂಗ್ ಮೋಟಾರ್ ಸೈಕಲ್ ನನ್ನ ಬಳಿ ಇದೆ. ಗಾಡಿಯನ್ನು ನಿಲ್ಲಿಸಿ ಎಂಜಿನ್ನನ್ನು ಹಾಗೆಯೇ ಓಡಲು ಬಿಟ್ಟಾಗ ಎಡಬದಿಯಿಂದ ಲಯವಿಲ್ಲದ ಲೊಡಲೊಡ ಸದ್ದು ಕೇಳಿಸುತ್ತದೆ. ಆಕ್ಸಿಲರೇಟರ್ ತಿರುಗಿಸಿದೊಡನೆ ಅದು ಅಡಗುತ್ತದೆ. ಇದಲ್ಲದೆ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ, ಮೂರನೇ ಗೇರಿನಲ್ಲಿ ಎಂಜಿನ್ ಹೊರೆ ಎಳೆಯುತ್ತಿರುವಾಗ ಮಾತ್ರ, ಡಬ್ಬಿಯೊಳಗೆ ಗೋಲಿ ಅಲ್ಲಾಡಿಸಿದಂಥ ಕಿಣಿಕಿಣಿ ಶಬ್ದ ಬರುತ್ತದೆ. ಒಬ್ಬ ಮೆಕ್ಯಾನಿಕ್ ಟ್ಯಾಪೆಟ್ (ವಾಲ್ವ್ ತಳ್ಳುವ ಭಾಗ) ಸರಿಪಡಿಸಬೇಕು ಎಂದರು, ಇನ್ನೊಬ್ಬರು ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತದಿಂದ ತಿರುಗುವ ದಂಡ) ಹೋಗಿದೆ ಎಂದರು. ಯಾರ ಮಾತು ಸರಿ?

ಮೊದಲ ಉತ್ತರ

ಟ್ಯಾಪೆಟ್ ಮಾತನ್ನು ಇಲ್ಲಿಗೇ ಬಿಡಿ. ಇದು ಟೂ ಸ್ಟ್ರೋಕ್ ಎಂಜಿನ್. ಸಿಲಿಂಡರಿನ ಕಿಂಡಿಗಳನ್ನು ಪಿಸ್ಟನ್ನೇ ತೆರೆದು ಮುಚ್ಚುವುದರಿಂದ ಇದರಲ್ಲಿ ವಾಲ್ವ್ ಆಗಲಿ ಟ್ಯಾಪೆಟ್ ಆಗಲಿ ಇಲ್ಲವೇ ಇಲ್ಲ. ನೀವು ವಿವರಿಸಿರುವುದು ಒಂದು ಸದ್ದಲ್ಲ, ಎರಡು, ಮತ್ತು ಎರಡಕ್ಕೂ ಒಂದೇ ಕಾರಣ ಹುಡುಕುವುದು ಸರಿಯಲ್ಲ. ಎಡಗಡೆಯ ಕವರಿನೊಳಗೆ ಕ್ರ್ಯಾಂಕಿನಿಂದ ಕ್ಲಚ್ಚಿಗೆ ಹೋಗುವ ಪ್ರೈಮರಿ ಚೈನ್ ಇದೆ. ಅದು ಸವೆದು ಜೋತುಬಿದ್ದಾಗ ನಿಧಾನಗತಿಯಲ್ಲಿ ಬಡಿದುಕೊಳ್ಳುತ್ತದೆ, ಎಳೆತ ಬಿದ್ದಾಗ ಬಿಗಿದು ಸುಮ್ಮನಾಗುತ್ತದೆ. ನ್ಯೂಟ್ರಲ್‌ನಲ್ಲಿ ಕ್ಲಚ್ ಲಿವರ್ ಹಿಡಿದು ಬಿಟ್ಟು ನೋಡಿ. ಸದ್ದಿನ ಬಗೆ ಬದಲಾದರೆ ತೊಂದರೆ ಚೈನ್ ಅಥವಾ ಕ್ಲಚ್ಚಿನ ಕಡೆಯದೆಂದು ಬಲವಾಗಿ ಶಂಕಿಸಬಹುದು. ಪಿಸ್ಟನ್ ಬಡಿತವಾಗಿದ್ದರೆ ತಣ್ಣಗಿರುವಾಗ ಜೋರಾಗಿದ್ದು, ಪಿಸ್ಟನ್ ಬಿಸಿಯಾಗಿ ಹಿಗ್ಗಿದಂತೆ ತಗ್ಗಬೇಕಿತ್ತು.

ಘಾಟಿಯ ಕಿಣಿಕಿಣಿ ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಸಮಯ) ಮುಂದಾಗಿರುವುದರ ಲಕ್ಷಣ ಎಂದು ನನಗನ್ನಿಸುತ್ತದೆ. ಪಾಯಿಂಟ್ (ತೆರೆದಾಗ ಕಿಡಿ ಹಾರಿಸುವ ಸ್ವಿಚ್) ಅಂತರ 0.4 ಮಿ.ಮೀ. ಇರಬೇಕು; ಅದು ಹೆಚ್ಚಾದರೆ ಪಾಯಿಂಟ್ ಬೇಗ ತೆರೆದು ಕಿಡಿಯೂ ಬೇಗ ಹಾರುತ್ತದೆ. ಸಿಲಿಂಡರಿನ ಮೇಲ್ಮುಚ್ಚಳವಾದ ಹೆಡ್ಡಿನೊಳಗೆ ಕಟ್ಟಿದ ಇಂಗಾಲವೂ ಇದನ್ನು ಹೆಚ್ಚಿಸುತ್ತದೆ. ಈ ಶಬ್ದ ಬಂದಾಗ ಗೇರ್ ಇಳಿಸಿ. ಹಾಗೆಯೇ ಎಳೆಸುತ್ತಾ ಹೋದರೆ ಪಿಸ್ಟನ್ ಕರಗಿ ತೂತಾಗುವ ಅಪಾಯವಿದೆ.

ಎರಡನೇ ಉತ್ತರ

ಮೇಲಿನ ವಿಶ್ಲೇಷಣೆಯನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಕ್ರ್ಯಾಂಕನ್ನು ಪರೀಕ್ಷಿಸದೆ ನಿರ್ದೋಷಿ ಎನ್ನಬಾರದು. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಕೆಳಗಿನ ಬೇರಿಂಗ್ ಹೋಗಿದ್ದರೆ ಸದ್ದು ಕಿಣಿಕಿಣಿ ಅನ್ನುವುದಿಲ್ಲ. ಹೊರೆ ಬಿದ್ದಾಗ ಎಂಜಿನ್ನಿನ ಬುಡದಿಂದ ಗಟ್ಟಿಯಾದ ದಡದಡ ಏಳುತ್ತದೆ, ಕಾಲಿಗೂ ಅದರ ಅನುಭವವಾಗುತ್ತದೆ. ಸ್ಪಾರ್ಕ್ ಪ್ಲಗ್ ತೆಗೆದು, ಪಿಸ್ಟನ್ ಅರ್ಧ ದಾರಿಯಲ್ಲಿರುವಾಗ ಒಂದು ತೆಳುವಾದ ಗಟ್ಟಿ ಕೋಲನ್ನು ಅದರ ತಲೆಗೆ ತಾಗಿಸಿ ಹಿಡಿದುಕೊಂಡು, ಬಲಬದಿಯಿಂದ ಕ್ರ್ಯಾಂಕನ್ನು ನಿಧಾನವಾಗಿ ಹಿಂದಕ್ಕೂ ಮುಂದಕ್ಕೂ ಅಲುಗಿಸಿ. ಕ್ರ್ಯಾಂಕ್ ಸ್ವಲ್ಪ ತಿರುಗಿದರೂ ಕೋಲು ಕದಲದಿದ್ದರೆ ಎಲ್ಲೋ ಸಡಿಲವಿದೆ. ಆಗ ಸಿಲಿಂಡರ್ ಎತ್ತಿ ರಾಡನ್ನು ಕೈಯಿಂದ ಮೇಲೆ ಕೆಳಗೆ ಎಳೆದು ನೋಡಬೇಕು. ಪಕ್ಕಕ್ಕೆ ಅಲುಗಿದರೆ ಗಾಬರಿಯಾಗಬೇಡಿ. ಮೇಲೆ ಕೆಳಗೆ ಆಡಿದರೆ ಮಾತ್ರ ಕ್ರ್ಯಾಂಕ್ ಕೆಲಸ ಅನಿವಾರ್ಯ. ಪ್ರೆಸ್‌ನಲ್ಲಿ ಒತ್ತಿ ಜೋಡಿಸಿದ ಕ್ರ್ಯಾಂಕನ್ನು ಸುತ್ತಿಗೆಯಿಂದ ಬಿಡಿಸುವವರ ಕೈಗೆ ದಯವಿಟ್ಟು ಕೊಡಬೇಡಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಕೋಲಿನ ಪರೀಕ್ಷೆಯಲ್ಲಿ ಸಡಿಲ ಕಾಣಲಿಲ್ಲ. ಪಾಯಿಂಟ್ ಅಂತರ ಅತಿಯಾಗಿತ್ತು. ಅದನ್ನು ಸರಿಪಡಿಸಿ ಟೈಮಿಂಗ್ ಹೊಂದಿಸಿದ ಮೇಲೆ ಏರಿನಲ್ಲಿ ಕಿಣಿಕಿಣಿ ನಿಂತಿದೆ. ಲೊಡಲೊಡ ಹಾಗೆಯೇ ಇದ್ದು, ಕ್ಲಚ್ ಹಿಡಿದಾಗ ಬದಲಾಗುತ್ತದೆ. ಚೈನ್ ಮಾತ್ರ ಬದಲಿಸಿದರೆ ಸಾಕೇ?

ಮೊದಲ ಉತ್ತರ ಕೊಟ್ಟವರಿಂದ

ಗೇರ್ ಆಯಿಲ್ ಇಳಿಸಿ ಎಡ ಕವರ್ ತೆಗೆದಾಗ ಸ್ಪ್ರಾಕೆಟ್ಟಿನ (ಚೈನ್ ಕೂರುವ ಚಕ್ರ) ಹಲ್ಲುಗಳನ್ನೂ ನೋಡಿ. ಅವು ಕೊಕ್ಕೆಯಂತಾಗಿದ್ದರೆ ಹೊಸ ಚೈನ್ ಬೇಗನೆ ಹಾಳಾಗುತ್ತದೆ. ಕ್ಲಚ್ ತಟ್ಟೆಗಳನ್ನು ಹಿಡಿದಿರುವ ಬುಟ್ಟಿಯ ಬುಷ್ (ಒಳಬಳೆ) ಸವೆದಿದೆಯೇ ಎಂದು ಅಲುಗಿಸಿ ನೋಡಿ. ಚೈನಿನ ಜೋಲನ್ನು ಒಂದೇ ಕಡೆ ಅಳೆಯದೆ ಎಂಜಿನ್ ತಿರುಗಿಸುತ್ತಾ ನಾಲ್ಕಾರು ಕಡೆ ಅಳೆಯಿರಿ, ಏಕೆಂದರೆ ಸವೆತ ಎಲ್ಲೆಡೆ ಸಮವಾಗಿರುವುದಿಲ್ಲ. ಕವರ್ ಮುಚ್ಚುವಾಗ ಹೊಸ ಗ್ಯಾಸ್ಕೆಟ್ ಹಾಕಿ.